ಬೌದ್ಧ ಮಠದ ಗೋಡೆ ಓದುವುದು ಹೇಗೆ: ಭಿತ್ತಿಚಿತ್ರಗಳ ಹಿಂದಿನ ಕಥೆ ಹಿಡಿಯಲು ಸಮಗ್ರ ಮಾರ್ಗದರ್ಶಿ

ಟಿಬೆಟನ್ ಬೌದ್ಧ ಮಠದ ಪ್ರಾರ್ಥನಾ ಮಂದಿರದಲ್ಲಿ ಗೋಡೆ ಖಾಲಿ ಬಿಡುವ ಪದ್ಧತಿ ಇಲ್ಲ. ಸೊಂಟದೆತ್ತರದಿಂದ ಮಾಡಿನವರೆಗೆ ದೇವತೆಗಳು, ಮೋಡ, ಬೆಂಕಿ, ಪ್ರಾಣಿ, ಅರಮನೆ ಎಲ್ಲ ಒತ್ತೊತ್ತಾಗಿ ತುಂಬಿರುತ್ತವೆ. ಹೊಸದಾಗಿ ನೋಡುವವರು ಸಾಮಾನ್ಯವಾಗಿ ದೊಡ್ಡ ಮುಖದಿಂದ ಶುರುಮಾಡುತ್ತಾರೆ. ಅಲ್ಲೇ ದಾರಿ ತಪ್ಪುವುದು. ಶಾಂತ ದೇವತೆಗಳ ಮುಖಗಳೆಲ್ಲ ಒಂದೇ ಅಳತೆಯ ಚೌಕಟ್ಟಿನಲ್ಲಿ ಬರೆದವು, ಹಾಗಾಗಿ ಮುಖ ನೋಡಿ ಯಾರೆಂದು ಹೇಳಲಾಗದು. ಮೊದಲು ಚಿತ್ರ ಯಾವ ಗೋಡೆಯಲ್ಲಿದೆ ನೋಡಿ, ಆಮೇಲೆ ಅದು ಯಾವ ಬಗೆಯ ಚಿತ್ರ, ನಂತರ ಕೈಗಳು, ಕೈಯಲ್ಲಿರುವ ವಸ್ತು, ಆಮೇಲೆ ಮೈಬಣ್ಣ. ಮುಖದ ಸರದಿ ಕೊನೆಗೆ.

ಇಲ್ಲಿನ ವಿವರ ಲಡಾಖ್, ಸ್ಪಿತಿ, ಸಿಕ್ಕಿಂ, ಭೂತಾನ್, ಟಿಬೆಟ್‌ಗಳ ಮಠಗಳಿಗೂ ಬೈಲುಕುಪ್ಪೆ, ಮುಂಡಗೋಡದಂಥ ನಿರಾಶ್ರಿತ ನೆಲೆಗಳ ಮಠಗಳಿಗೂ ಹೊಂದುತ್ತದೆ. ಅಜಂತಾ, ಥಾಯ್ಲೆಂಡ್, ಚೀನಾದ ದುನ್‌ಹುವಾಂಗ್‌ಗಳ ವಿಚಾರ ಅಗತ್ಯ ಬಿದ್ದ ಕಡೆ ಮಾತ್ರ ಬರುತ್ತದೆ.

ಜೊತೆಗೆ ಏನಿರಬೇಕು

ಒಂದು ನೋಟ್‌ಬುಕ್, ಪೆನ್ನು, ಪೆನ್ಸಿಲ್, ಹತ್ತಿರದ ವಸ್ತುವಿಗೂ ಫೋಕಸ್ ಆಗುವ ಸಣ್ಣ ಬೈನಾಕ್ಯುಲರ್. ದೊಡ್ಡ ಬೈನಾಕ್ಯುಲರ್‌ಗಳಲ್ಲಿ ಮೂರ್ನಾಲ್ಕು ಮೀಟರ್ ದೂರದ ಗೋಡೆ ಮಸುಕಾಗಿ ಕಾಣುತ್ತದೆ, ಆದ್ದರಿಂದ ಎರಡು ಮೀಟರಿಗೆ ಫೋಕಸ್ ಆಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಟಾರ್ಚ್ ಬಳಸುವ ಮುನ್ನ ಅನುಮತಿ ಕೇಳಿ. ಬಳಸಿದರೂ ಬೆಳಕನ್ನು ಎದುರಿನಿಂದ ಬಿಡಬೇಡಿ, ಬದಿಯಿಂದ ಓರೆಯಾಗಿ ಬೀಳಿಸಿ. ಎದುರಿನಿಂದ ಬಿಟ್ಟರೆ ವಾರ್ನಿಷ್ ಮತ್ತು ಚಿನ್ನದ ರೇಖೆ ಹೊಳೆದು ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ಫ್ಲ್ಯಾಶ್ ಎಲ್ಲೂ ಬೇಡ. ಬೆನ್ನಿನ ಚೀಲವನ್ನು ಹೊರಗೇ ಇಡಿ. ಇಕ್ಕಟ್ಟಾದ ಪ್ರದಕ್ಷಿಣಾ ಪಥದಲ್ಲಿ ತಿರುಗುವಾಗ ಚೀಲ ಗೋಡೆಗೆ ಉಜ್ಜಿದರೆ ಮಣ್ಣಿನ ಗಾರೆಯ ಮೇಲಿನ ಬಣ್ಣ ಪುಡಿಯಾಗಿ ಉದುರುತ್ತದೆ.

ಹಂತ 1: ಒಳಗೆ ಹೋಗುವ ಮೊದಲೇ ಮೊಗಸಾಲೆ ಓದಿ

ಬಾಗಿಲ ಎಡಬಲಗಳಲ್ಲಿ ನಾಲ್ವರು ಲೋಕಪಾಲರು ಇರುತ್ತಾರೆ. ಕೈಯಲ್ಲಿರುವುದನ್ನು ನೋಡಿ ಗುರುತಿಸಿ: ವೀಣೆಯಂಥ ತಂತಿವಾದ್ಯ ಹಿಡಿದ ಬಿಳಿಯ ಧೃತರಾಷ್ಟ್ರ ಪೂರ್ವಕ್ಕೆ, ಖಡ್ಗ ಹಿಡಿದ ನೀಲಿಯ ವಿರೂಢಕ ದಕ್ಷಿಣಕ್ಕೆ, ಹಾವು ಹಿಡಿದ ಕೆಂಪು ವಿರೂಪಾಕ್ಷ ಪಶ್ಚಿಮಕ್ಕೆ, ವಿಜಯಧ್ವಜ ಮತ್ತು ರತ್ನ ಕಕ್ಕುವ ಮುಂಗುಸಿ ಹಿಡಿದ ಹಳದಿಯ ವೈಶ್ರವಣ ಉತ್ತರಕ್ಕೆ. ಈ ವೈಶ್ರವಣ ನಮ್ಮ ಕುಬೇರನೇ. ಹೆಸರು ನೋಡಿ ಧೃತರಾಷ್ಟ್ರನನ್ನು ಮಹಾಭಾರತಕ್ಕೆ, ವಿರೂಪಾಕ್ಷನನ್ನು ಹಂಪಿಗೆ ತಳುಕು ಹಾಕಬೇಡಿ. ಇವರು ಮೇರುಪರ್ವತದ ನಾಲ್ಕು ದಿಕ್ಕು ಕಾಯುವ ಬೇರೆಯೇ ಅರಸರು.

ಮೊಗಸಾಲೆಯ ಮುಖ್ಯ ಚಿತ್ರ ಭವಚಕ್ರ, ಅಂದರೆ ಹುಟ್ಟುಸಾವುಗಳ ಚಕ್ರ. ಕೋರೆಹಲ್ಲಿನ ಭಯಂಕರ ಮೂರ್ತಿಯೊಂದು ದೊಡ್ಡ ಚಕ್ರವನ್ನು ಹಲ್ಲು ಮತ್ತು ಉಗುರುಗಳಲ್ಲಿ ಕಚ್ಚಿ ಹಿಡಿದಿರುತ್ತದೆ. ಅದು ಯಮ, ಅಂದರೆ ಅನಿತ್ಯತೆ. ಅವನು ಈ ಲೋಕಗಳನ್ನು ಸೃಷ್ಟಿಸಿದವನಲ್ಲ, ಆಳುವವನೂ ಅಲ್ಲ. ಅಜಂತಾದ 17ನೇ ಗುಹೆಯ ಪಡಸಾಲೆಯಲ್ಲೂ 5ನೇ ಶತಮಾನದ ಇಂಥ ಚಕ್ರದ ತುಂಡು ಉಳಿದಿದೆ. ಬಾಗಿಲ ಪಕ್ಕದಲ್ಲಿ ಇದನ್ನು ಬರೆಯುವ ರೂಢಿ ಅಷ್ಟು ಹಳೆಯದು.

ಚಕ್ರವನ್ನು ಒಳಗಿನಿಂದ ಹೊರಕ್ಕೆ ಓದಬೇಕು. ಗುಂಬದಲ್ಲಿ ಮೂರು ಪ್ರಾಣಿಗಳು: ಹಂದಿ ಎಂದರೆ ಮೋಹ, ಹುಂಜ ಎಂದರೆ ರಾಗ, ಹಾವು ಎಂದರೆ ದ್ವೇಷ. ಎಷ್ಟೋ ಕಡೆ ಹುಂಜ ಮತ್ತು ಹಾವಿನ ಬಾಲಗಳು ಹಂದಿಯ ಬಾಯಲ್ಲಿರುತ್ತವೆ. ಉಳಿದೆರಡೂ ಅಜ್ಞಾನದಿಂದಲೇ ಹೊರಟವು ಎನ್ನಲು ಹಾಗೆ ಬರೆಯುತ್ತಾರೆ. ಮೂರೂ ಒಂದರ ಬಾಲ ಒಂದು ಕಚ್ಚಿಕೊಂಡಿದ್ದರೆ ಒತ್ತು ಬೇರೆ: ಒಂದು ಇನ್ನೊಂದನ್ನು ಬೆಳೆಸುತ್ತದೆ. ಎರಡನೆಯ ಸುತ್ತು ಅರ್ಧ ಬಿಳಿ, ಅರ್ಧ ಕಪ್ಪು. ಬಿಳಿಯ ಕಡೆ ಜನ ಮೇಲೇರುತ್ತಿರುತ್ತಾರೆ, ಕಪ್ಪಿನ ಕಡೆ ಬೆತ್ತಲೆಯಾಗಿ ಕೆಳಕ್ಕೆ ಎಳೆಯಲ್ಪಡುತ್ತಿರುತ್ತಾರೆ.

ಮೂರನೆಯ ಸುತ್ತು ಆರು ಲೋಕಗಳದು. ಕೆಲವು ಹಳೆಯ ಚಿತ್ರಗಳಲ್ಲಿ ದೇವ, ಅಸುರ ಲೋಕಗಳು ಒಂದೇ ಭಾಗದಲ್ಲಿದ್ದು ಐದೇ ಕಾಣುತ್ತವೆ. ಇಲ್ಲಿ ಒಂದು ಮರವನ್ನು ಹುಡುಕಿ. ಅದರ ಬೇರು, ಬೊಡ್ಡೆ ಅಸುರರ ಭಾಗದಲ್ಲಿ, ಹಣ್ಣು ಬಿಟ್ಟ ಕೊಂಬೆಗಳು ಗಡಿ ದಾಟಿ ದೇವತೆಗಳ ಭಾಗದಲ್ಲಿ. ಹಣ್ಣು ಸಿಗದ ಅಸುರರು ಬೊಡ್ಡೆಗೆ ಕೊಡಲಿ ಹಾಕುತ್ತಿರುತ್ತಾರೆ, ಈಟಿ ಹಿಡಿದು ಮೇಲಕ್ಕೆ ಯುದ್ಧಕ್ಕೆ ಹೊರಟಿರುತ್ತಾರೆ. ಅಸೂಯೆಯ ಕಥೆ ಪೂರ್ತಿ ಆ ಒಂದು ಮರದಲ್ಲಿದೆ. ಪ್ರೇತಲೋಕದವರಿಗೆ ದೊಡ್ಡ ಹೊಟ್ಟೆ, ದಾರದಷ್ಟು ಸಣ್ಣ ಕುತ್ತಿಗೆ. ನರಕದಲ್ಲಿ ಬೆಂಕಿ ಮಾತ್ರವಲ್ಲ, ಮಂಜುಗಡ್ಡೆಯೂ ಇರುತ್ತದೆ, ಏಕೆಂದರೆ ಬಿಸಿ ನರಕ ಎಂಟು, ತಣ್ಣನೆಯ ನರಕ ಎಂಟು. ಪ್ರತಿ ಲೋಕದಲ್ಲೂ ಒಬ್ಬ ಬುದ್ಧ ನಿಂತಿರುತ್ತಾನೆ. ದೇವಲೋಕದಲ್ಲಿ ಅವನ ಕೈಯಲ್ಲಿ ವೀಣೆ, ಅಸುರರ ನಡುವೆ ಖಡ್ಗ, ಪ್ರಾಣಿಗಳ ನಡುವೆ ಪುಸ್ತಕ. ಇವರ ಮೈಬಣ್ಣ ಮಠದಿಂದ ಮಠಕ್ಕೆ ಬದಲಾಗುವುದರಿಂದ ಅದನ್ನು ನೆಚ್ಚಬೇಡಿ.

ಹೊರ ಅಂಚಿನಲ್ಲಿ ಹನ್ನೆರಡು ಸಣ್ಣ ಚಿತ್ರಗಳು, ದ್ವಾದಶ ನಿದಾನಗಳು, ಅಂದರೆ ಹುಟ್ಟುಸಾವಿನ ಸರಪಳಿಯ ಹನ್ನೆರಡು ಕೊಂಡಿಗಳು. ಎಲ್ಲಿಂದ ಶುರು ಎಂಬುದೇ ಎಲ್ಲರಿಗೂ ತೊಡಕಾಗುವುದು. ಕೋಲೂರಿಕೊಂಡು ನಡೆಯುವ ಕುರುಡನನ್ನು ಹುಡುಕಿ. ಅದು ಅವಿದ್ಯೆ, ಒಂದನೆಯದು. ಅವನ ಎರಡು ಪಕ್ಕದಲ್ಲಿ ಒಂದರಲ್ಲಿ ಕುಂಬಾರ ಇರಲೇಬೇಕು, ಇನ್ನೊಂದರಲ್ಲಿ ಹೆಣ ಹೊತ್ತವರು. ಕುಂಬಾರನಿರುವ ದಿಕ್ಕಿಗೆ ಎಣಿಸುತ್ತಾ ಹೋಗಿ:

1. ಕುರುಡ: ಅವಿದ್ಯೆ
2. ಮಡಕೆ ಮಾಡುವ ಕುಂಬಾರ: ಸಂಸ್ಕಾರ, ಅಂದರೆ ಮುಂದಿನದನ್ನು ರೂಪಿಸುವ ಕರ್ಮ
3. ಮರದಲ್ಲಿ ಕೋತಿ: ವಿಜ್ಞಾನ, ಅಂದರೆ ಅರಿವು
4. ದೋಣಿಯಲ್ಲಿ ಜನ: ನಾಮರೂಪ, ಅಂದರೆ ಮನಸ್ಸು ಮತ್ತು ದೇಹ
5. ಆರು ಕಿಟಕಿಯ ಮನೆ: ಷಡಾಯತನ, ಅಂದರೆ ಮನಸ್ಸೂ ಸೇರಿ ಆರು ಇಂದ್ರಿಯಗಳು
6. ಅಪ್ಪಿಕೊಂಡ ಗಂಡುಹೆಣ್ಣು: ಸ್ಪರ್ಶ
7. ಕಣ್ಣಿಗೆ ಬಾಣ ನೆಟ್ಟವನು: ವೇದನೆ, ಅಂದರೆ ಸುಖದುಃಖಗಳ ಅನುಭವ
8. ಕುಡಿಯುತ್ತಿರುವವನು: ತೃಷ್ಣೆ
9. ಹಣ್ಣು ಕೀಳುವವನು: ಉಪಾದಾನ, ಅಂದರೆ ಅಂಟಿಕೊಳ್ಳುವುದು
10. ಬಸುರಿ: ಭವ, ಅಂದರೆ ಮುಂದಿನ ಹುಟ್ಟಿಗೆ ಸಿದ್ಧವಾಗುವುದು
11. ಹೆರಿಗೆ: ಜಾತಿ, ಅಂದರೆ ಹುಟ್ಟು
12. ಹೆಣ ಹೊತ್ತವರು: ಜರಾಮರಣ

ಚಕ್ರದ ಹೊರಗೆ ಮೇಲ್ಮೂಲೆಯಲ್ಲಿ ಬುದ್ಧನೊಬ್ಬ ಬೆರಳು ತೋರುತ್ತಾ ನಿಂತಿರುತ್ತಾನೆ. ಬೆರಳು ಎತ್ತ ಇದೆ ನೋಡಿ. ಎದುರು ಮೂಲೆಯಲ್ಲಿ ಚಂದ್ರನೋ ಧರ್ಮಚಕ್ರವೋ ಇರುತ್ತದೆ, ಯಮನ ಹಿಡಿತದಿಂದ ಹೊರಗೆ.

ಹಂತ 2: ಒಳಗೆ ನಡೆಯುವ ದಿಕ್ಕು

ಬಾಗಿಲು ದಾಟಿದ ಮೇಲೆ ಎಡಕ್ಕೆ ಹೊರಳಿ, ಬಲಗೈ ಮಂದಿರದ ನಡುವಿನ ಕಡೆಗೆ ಬರುವಂತೆ ಪ್ರದಕ್ಷಿಣೆಯಾಗಿ ನಡೆಯಿರಿ. ಸರಣಿ ಚಿತ್ರಗಳಿಗೆ ಸಾಮಾನ್ಯವಾಗಿ ಇದೇ ದಿಕ್ಕು. ಎದುರು ಗೋಡೆಯಲ್ಲಿ ಮುಖ್ಯ ಮೂರ್ತಿಗಳು, ಪಕ್ಕದ ಗೋಡೆಗಳಲ್ಲಿ ಬುದ್ಧರು, ಬೋಧಿಸತ್ವರು (ಎಲ್ಲರ ಮುಕ್ತಿಗಾಗಿ ಬುದ್ಧತ್ವದ ಹಾದಿ ಹಿಡಿದವರು), ಗುರುಗಳು ಮತ್ತು ಕಥೆಗಳು, ಬಾಗಿಲ ಗೋಡೆಯ ಒಳಬದಿಯಲ್ಲಿ ಉಗ್ರ ರಕ್ಷಕರು. ಈ ಹಂಚಿಕೆ ಗೊತ್ತಿದ್ದರೆ ಅರ್ಧ ಊಹೆ ಮುಗಿಯಿತು: ಬಾಗಿಲ ಮೇಲಿರುವ ಕಪ್ಪು ಮೂರ್ತಿ ರಕ್ಷಕನೇ ಇರಬೇಕು. ಒಂದೇ ಚಿತ್ರದೊಳಗೂ ಹೀಗೆಯೇ. ಮೇಲಿನ ಸಾಲಿನಲ್ಲಿ ಗುರುಪರಂಪರೆ, ನಡುವೆ ಮುಖ್ಯ ದೇವತೆ, ಕೆಳಗೆ ರಕ್ಷಕರು, ಕೆಲವೆಡೆ ಚಿತ್ರ ಬರೆಸಿದ ದಾನಿಗಳು.

ಹಂತ 3: ಇದು ಕಥೆಯೇ, ಅಲ್ಲವೇ?

ಗೋಡೆಯ ಮುಂದೆ ನಿಂತು ಮೊದಲ ಐದು ನಿಮಿಷ ಇದೊಂದನ್ನೇ ತೀರ್ಮಾನಿಸಿ. ಒಂದೇ ಥರದ ಸಣ್ಣ ಬುದ್ಧರು ಸಾಲುಸಾಲಾಗಿ ಗೋಡೆ ತುಂಬಿದ್ದರೆ ಅದು ಸಾವಿರ ಬುದ್ಧರ ಚಿತ್ರ. ಅಲ್ಲಿ ಕಥೆ ಹುಡುಕುವುದು ವ್ಯರ್ಥ. ವೃತ್ತದೊಳಗೆ ನಾಲ್ಕು ಬಾಗಿಲಿನ ಚೌಕವಿದ್ದರೆ ಮಂಡಲ. ಅದು ಮೇಲಿನಿಂದ ನೋಡಿದ ದೇವತೆಯ ಅರಮನೆಯ ನಕ್ಷೆ. ಗುಡ್ಡ, ಜಲಪಾತಗಳ ನಡುವೆ ಕುಳಿತ ಮುದಿ ಭಿಕ್ಷುಗಳಿದ್ದರೆ ಹದಿನಾರು ಅರ್ಹಂತರು, ಅಂದರೆ ಮುಕ್ತಿ ಪಡೆದ ಬುದ್ಧಶಿಷ್ಯರು. ಅವರ ಜೊತೆ ಮಕ್ಕಳು ಮುತ್ತಿದ ಡೊಳ್ಳುಹೊಟ್ಟೆಯವನೊಬ್ಬ ಇರುತ್ತಾನೆ. ಅವನು ಅಂಗಡಿಗಳಲ್ಲಿ ಸಿಗುವ ನಗುವ ಬುದ್ಧ ಅಲ್ಲ, ಅರ್ಹಂತರ ಪರಿಚಾರಕನಾದ ಹ್ವಾಶಾಂಗ್.

ನಿಜವಾದ ಕಥಾಚಿತ್ರದ ಗುರುತು ಒಂದೇ: ಅದೇ ಪಾತ್ರ ಮತ್ತೆ ಮತ್ತೆ ಕಾಣಬೇಕು.

ಹಂತ 4: ಮುಖ್ಯ ಮೂರ್ತಿ ಯಾರು

ಬಲಗೈ, ಎಡಗೈ, ಹಿಡಿದ ವಸ್ತು, ಮೈಬಣ್ಣ, ಉಡುಗೆ, ವಾಹನ. ಈ ಆರನ್ನೂ ಬರೆದುಕೊಂಡ ಮೇಲೆಯೇ ಹೆಸರಿಗೆ ಕೈ ಹಾಕಿ. ಒಂದೇ ಗುರುತು ಸಾಲದು ಎನ್ನಲು ಬಲಗೈ ನೆಲ ಮುಟ್ಟಿದ ಭೂಮಿಸ್ಪರ್ಶ ಮುದ್ರೆಯೇ ಸಾಕ್ಷಿ. ಮೈ ಚಿನ್ನದ ಬಣ್ಣವಿದ್ದು ಎಡಗೈಯಲ್ಲಿ ಭಿಕ್ಷಾಪಾತ್ರೆ ಇದ್ದರೆ ಶಾಕ್ಯಮುನಿ, ಅಂದರೆ ಗೌತಮ ಬುದ್ಧ. ಇಬ್ಬದಿಯಲ್ಲಿ ದಂಡ ಹಿಡಿದ ಶಿಷ್ಯರಾದ ಶಾರಿಪುತ್ರ, ಮೌದ್ಗಲ್ಯಾಯನರು ನಿಂತಿದ್ದರೆ ಅನುಮಾನವೇ ಬೇಡ. ಅದೇ ಮುದ್ರೆ, ನೀಲಿ ಮೈ, ಪೀಠದಲ್ಲಿ ಆನೆ ಇದ್ದರೆ ಅಕ್ಷೋಭ್ಯ. ನೀಲಿ ಮೈಯೇ ಇದ್ದು ಬಲಗೈಯಲ್ಲಿ ಅಳಲೆಕಾಯಿಯ ಗಿಡದ ಎಳೆ ಇದ್ದರೆ ಭೈಷಜ್ಯಗುರು, ಅಂದರೆ ವೈದ್ಯ ಬುದ್ಧ.

ಹೆಚ್ಚು ಜನ ಎಡವುವ ಇನ್ನೊಂದು ಜೋಡಿ ಅಮಿತಾಭ ಮತ್ತು ಅಮಿತಾಯು. ಇಬ್ಬರೂ ಕೆಂಪು, ಇಬ್ಬರ ಕೈಗಳೂ ಮಡಿಲಲ್ಲಿ. ಭಿಕ್ಷುವಿನ ಸಾದಾ ವಸ್ತ್ರ, ಪಾತ್ರೆ ಇದ್ದರೆ ಅಮಿತಾಭ. ಕಿರೀಟ, ಆಭರಣ, ಅಮೃತದ ಕಳಶ ಇದ್ದರೆ ಅಮಿತಾಯು. ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ಮಠದ ಸ್ವರ್ಣಮಂದಿರದಲ್ಲಿ ಶಾಕ್ಯಮುನಿಯ ಒಂದು ಪಕ್ಕ ಟಿಬೆಟಿನಲ್ಲಿ ಬೌದ್ಧಧರ್ಮ ನೆಲೆಗೊಳಿಸಿದ ಗುರು ಪದ್ಮಸಂಭವ, ಇನ್ನೊಂದು ಪಕ್ಕ ಇದೇ ಅಮಿತಾಯು ಇದ್ದಾನೆ. ಮೂರನ್ನೂ ಹೋಲಿಸಿ ನೋಡಿದರೆ ಈ ಹಂತದ ಅಭ್ಯಾಸ ಅಲ್ಲೇ ಆಗುತ್ತದೆ.

ಬೋಧಿಸತ್ವರು ಸುಲಭ. ಉರಿಯುವ ಖಡ್ಗ ಮತ್ತು ತಾವರೆಯ ಮೇಲಿನ ಪುಸ್ತಕ ಮಂಜುಶ್ರೀಯದು. ನಾಲ್ಕು ಕೈ, ಬಿಳಿ ಮೈ, ಜಪಮಾಲೆ, ತಾವರೆ ಅವಲೋಕಿತೇಶ್ವರನದು. ಬಲಗಾಲು ಕೆಳಗಿಟ್ಟು ಏಳಲು ಸಿದ್ಧಳಾದಂತೆ ಕುಳಿತ ಹಸಿರು ದೇವಿ ತಾರಾ. ಬಿಳಿ ತಾರಾಳಿಗೆ ಅಂಗೈ, ಅಂಗಾಲು, ಹಣೆಗಳಲ್ಲೂ ಕಣ್ಣು. ಆದರೆ ಮಂಜುಶ್ರೀಯ ಖಡ್ಗ, ಪುಸ್ತಕಗಳೇ ಹಳದಿ ಟೋಪಿಯ ಭಿಕ್ಷುವಿನ ಎರಡು ಭುಜಗಳ ಬಳಿ ತಾವರೆಯ ಮೇಲೆ ಕಂಡರೆ ಅದು ಗೆಲುಗ್ ಪಂಥದ ಸ್ಥಾಪಕ ತ್ಸೊಂಗ್‌ಖಾಪಾ. ಮೀಸೆ, ತಾವರೆ ಟೋಪಿ, ಬಲಗೈಯಲ್ಲಿ ವಜ್ರಾಯುಧ, ಎಡತೋಳಿಗೊರಗಿದ ಖಟ್ವಾಂಗ ಎಂಬ ದಂಡ ಪದ್ಮಸಂಭವನದು. ಅವನ ಎಂಟು ರೂಪಗಳಲ್ಲಿ ಶಾಕ್ಯ ಸೆಂಗೆ ನೋಡಲು ಬುದ್ಧನಂತೆಯೇ ಇರುವುದರಿಂದ ಸುತ್ತಲಿನ ಏಳು ರೂಪಗಳನ್ನು ನೋಡದೆ ನಿರ್ಧರಿಸಬೇಡಿ. ಹುಲಿಯ ಮೇಲೆ ನಿಂತ ದೋರ್ಜೆ ದ್ರೋಲೋ ಸಿಕ್ಕರೆ ಗುಂಪು ಖಚಿತ.

ಹಂತ 5: ಕಥೆಯ ದಾರಿ ಹಿಡಿಯುವುದು

ಕಾಮಿಕ್ಸ್ ಪುಸ್ತಕದ ಚೌಕಗಳು ಇಲ್ಲಿಲ್ಲ. ಒಂದು ದೃಶ್ಯಕ್ಕೂ ಮುಂದಿನದಕ್ಕೂ ನಡುವೆ ಬಂಡೆ, ಮೋಡ, ಗೋಡೆ, ಮರಗಳೇ ಗಡಿ. ಬುದ್ಧನ ಗೃಹತ್ಯಾಗದ ಚಿತ್ರವನ್ನೇ ತೆಗೆದುಕೊಳ್ಳಿ. ಎಡಕ್ಕೆ ಅರಮನೆ, ಒಳಗೆ ಅಡ್ಡಾದಿಡ್ಡಿ ಮಲಗಿದ ಹೆಂಗಸರು. ಅದರ ಪಕ್ಕ ಕಂಥಕ ಎಂಬ ಕುದುರೆಯ ಮೇಲೆ ರಾಜಕುಮಾರ. ಗೊರಸಿನ ಸದ್ದಾಗದಂತೆ ದೇವತೆಗಳು ಕುದುರೆಯ ಕಾಲುಗಳನ್ನು ಅಂಗೈಯಲ್ಲಿ ಹೊತ್ತಿರುತ್ತಾರೆ. ಮತ್ತೂ ಮುಂದೆ ಸ್ತೂಪವೊಂದರ ಮುಂದೆ ಅವನು ಖಡ್ಗದಿಂದ ಕೂದಲು ಕತ್ತರಿಸಿಕೊಳ್ಳುತ್ತಾನೆ, ಕೆಳಗೆ ಸಾರಥಿ ಛಂದಕ ಖಾಲಿ ಕುದುರೆಯೊಡನೆ ನಿಂತಿರುತ್ತಾನೆ. ಒಂದೇ ಆಕಾಶದ ಕೆಳಗೆ ಮೂವರು ಸಿದ್ಧಾರ್ಥರು. ಅವರನ್ನು ಮೂವರು ಬೇರೆ ಬೇರೆ ಜನ ಎಂದುಕೊಂಡರೆ ಕಥೆ ಅಲ್ಲೇ ಮುರಿಯುತ್ತದೆ. ಉಡುಗೆ ರಾಜವೇಷದಿಂದ ಕಾವಿಗೆ ತಿರುಗುವ ಜಾಗ ಗುರುತಿಸಿ, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೋಗಿ.

ಟಿಬೆಟನ್ ಮಠಗಳಲ್ಲಿ ಬುದ್ಧಚರಿತೆಯನ್ನು ಹನ್ನೆರಡು ಕಾರ್ಯಗಳಾಗಿ ಬರೆಯುತ್ತಾರೆ. ಕಂಡೊಡನೆ ಗುರುತಾಗುವ ನಾಲ್ಕೈದು ದೃಶ್ಯಗಳನ್ನು ಮೊದಲು ಹುಡುಕಿ: ಮಲಗಿದ ಮಾಯಾದೇವಿಯ ಮೇಲೆ ಇಳಿಯುವ ಬಿಳಿ ಆನೆ, ಕೊಂಬೆ ಹಿಡಿದು ನಿಂತ ಅವಳ ಬಲಪಕ್ಕೆಯಿಂದ ಹುಟ್ಟುವ ಮಗು, ಎಲುಬು ಕಾಣುವ ತಪಸ್ವಿ, ಬುದ್ಧನ ಧ್ಯಾನ ಕೆಡಿಸಲು ಬಂದ ಮಾರನ ಸೈನ್ಯ, ಎರಡು ಸಾಲವೃಕ್ಷಗಳ ನಡುವೆ ಬಲಮಗ್ಗುಲಾಗಿ ಮಲಗಿದ ಬುದ್ಧ. ಇವು ಸಿಕ್ಕರೆ ನಡುವಿನವು ತಾವಾಗಿ ಕೂಡಿಕೊಳ್ಳುತ್ತವೆ. ನಮ್ಮವರಿಗೆ ಒಂದು ಅನುಕೂಲವೂ ಇದೆ. ನಾಲ್ಕು ಮುಖದ ಬ್ರಹ್ಮ ಚಕ್ರವನ್ನೂ ಇಂದ್ರ ಶಂಖವನ್ನೂ ಹಿಡಿದು ಬುದ್ಧನ ಮುಂದೆ ಮಂಡಿಯೂರಿದ್ದನ್ನು ಕಂಡರೆ ಸಾಕು, ಅದು ಧರ್ಮ ಬೋಧಿಸು ಎಂದು ಬೇಡುವ ಗಳಿಗೆ. ಸಾರನಾಥದ ಮೊದಲ ಬೋಧನೆಯ ದೃಶ್ಯ ಮುಂದಿನದು.

ಮಾರವಿಜಯದ ಮುಂದೆ ಕೊಂಚ ಹೆಚ್ಚು ಹೊತ್ತು ನಿಲ್ಲಿ, ಚಿತ್ರಕಾರನ ಜಾಣ್ಮೆ ಅಲ್ಲಿ ಗೊತ್ತಾಗುತ್ತದೆ. ಒಂದು ಬಾಣದ ಬೆನ್ನು ಹಿಡಿದು ನೋಡಿ: ಸೈನಿಕನ ಬಿಲ್ಲಿನ ಬಳಿ ಅದು ಬಾಣ, ಪ್ರಭಾವಲಯದ ಅಂಚಿಗೆ ಬರುವಾಗ ಹೂವು. ಒಂದು ಬದಿಗೆ ಮಾರನ ಹೆಣ್ಣುಮಕ್ಕಳು, ಕೆಳಗೆ ನೆಲದಿಂದ ಅರ್ಧ ಮೈ ಮೇಲೆದ್ದ ಭೂದೇವಿ. ಥಾಯ್ ದೇವಾಲಯಗಳಲ್ಲಿ ಇದೇ ಭೂದೇವಿ ಜಡೆ ಹಿಂಡಿ ಪ್ರವಾಹ ಹರಿಸಿ ಸೈನ್ಯವನ್ನು ಕೊಚ್ಚಿಹಾಕುತ್ತಾಳೆ. ಅಲ್ಲಿ ಈ ಚಿತ್ರವನ್ನು ಸಾಮಾನ್ಯವಾಗಿ ಮುಖ್ಯ ಬುದ್ಧಮೂರ್ತಿಯ ಎದುರಿನ ಬಾಗಿಲ ಗೋಡೆಯಲ್ಲಿ ಬರೆಯುತ್ತಾರೆ.

ಕಥೆ ಎಡದಿಂದ ಬಲಕ್ಕೇ ಹರಿಯುತ್ತದೆ ಎಂದು ನಂಬಬೇಡಿ. ದುನ್‌ಹುವಾಂಗ್‌ನ 257ನೇ ಗುಹೆಯ ಜಿಂಕೆಯ ಜಾತಕ (ಬುದ್ಧನ ಹಿಂದಿನ ಜನ್ಮದ ಕಥೆ) ಎರಡೂ ತುದಿಗಳಿಂದ ಶುರುವಾಗಿ, ರಾಜನೂ ಜಿಂಕೆಯೂ ಎದುರುಬದುರಾಗುವ ನಡುಭಾಗದಲ್ಲಿ ಮುಗಿಯುತ್ತದೆ. ಸ್ಪಿತಿಯ ತಾಬೋದಲ್ಲಿ (ಸ್ಥಾಪನೆ 996, ಜೀರ್ಣೋದ್ಧಾರ 1042) ಜ್ಞಾನಕ್ಕಾಗಿ ಗುರುಗಳನ್ನು ಹುಡುಕಿ ಹೊರಟ ಸುಧನನ ಯಾತ್ರೆ ಮತ್ತು ಬುದ್ಧಚರಿತೆ ಗೋಡೆಯ ಕೆಳಭಾಗದಲ್ಲಿ ಉದ್ದನೆಯ ಪಟ್ಟಿಗಳಾಗಿವೆ. ಲಡಾಖಿನ ಆಲ್ಚಿಯ ಸುಮ್‌ತ್ಸೆಕ್ ಎಂಬ ಮೂರಂತಸ್ತಿನ ಮಂದಿರದಲ್ಲಿ ಬುದ್ಧಚರಿತೆ ಗೋಡೆಯಲ್ಲೇ ಇಲ್ಲ, ಮುಂದೆ ಬರಲಿರುವ ಬುದ್ಧನಾದ ಮೈತ್ರೇಯನ ಬೃಹತ್ ಮೂರ್ತಿಯ ಧೋತರದ ಮೇಲೆ ಸಣ್ಣ ವೃತ್ತಗಳಲ್ಲಿ ಇದೆ. ದಿಕ್ಕು ತಿಳಿಯದಿದ್ದರೆ ಹುಟ್ಟು ಮತ್ತು ಸಾವಿನ ದೃಶ್ಯಗಳನ್ನು ಗುರುತಿಸಿ, ಎರಡರ ನಡುವೆ ದಾರಿ ಹುಡುಕಿ.

ಜಾತಕ ಕಥೆಗಳಿಗೆ ಒಂದೊಂದು ಕೀಲಿ ವಸ್ತು ಸಾಕು. ತಕ್ಕಡಿ ಮತ್ತು ಪಾರಿವಾಳ: ಶಿಬಿ. ಹಸಿದ ಹೆಣ್ಣುಹುಲಿ, ಮರಿಗಳು, ಅದರ ಮುಂದೆ ಬಿದ್ದ ಯುವಕ: ಮಹಾಸತ್ವ. ಆರು ದಂತದ ಆನೆ: ಷಡ್ದಂತ. ಹೊಳೆಯ ಮೇಲೆ ಮೈಯನ್ನೇ ಸೇತುವೆ ಮಾಡಿದ ಕೋತಿ: ಮಹಾಕಪಿ. ಬೆಂಕಿಗೆ ಹಾರುವ ಮೊಲ: ಶಶ ಜಾತಕ. ರಥ, ಕುದುರೆ, ಮಕ್ಕಳು, ಹೆಂಡತಿ ಎಲ್ಲರನ್ನೂ ದಾನ ಕೊಡುವ ರಾಜಕುಮಾರ: ವಿಶ್ವಂತರ.

ಹಂತ 6: ಉಗ್ರ ಮೂರ್ತಿಗಳು

ಕಪ್ಪು ಮೈ, ರುಂಡಮಾಲೆ, ಹೊರಚಾಚಿದ ನಾಲಿಗೆ ಕಂಡೊಡನೆ ಕಾಳಿ ಎನ್ನುವುದು, ನೀಲಿ ಕಂಡರೆ ಕೃಷ್ಣ ಎನ್ನುವುದು ನಮ್ಮಲ್ಲಿ ಸಾಮಾನ್ಯ. ಬಾಗುಕತ್ತಿ, ಕಪಾಲ ಹಿಡಿದು, ಐದು ತಲೆಬುರುಡೆಯ ಕಿರೀಟ ತೊಟ್ಟವನು ಮಹಾಕಾಲ. ಆ ಐದು ಬುರುಡೆಗಳು ಐದು ಕ್ಲೇಶಗಳು (ಮನಸ್ಸಿನ ಕೊಳೆಗಳು) ಐದು ಜ್ಞಾನಗಳಾಗಿ ಮಾರ್ಪಟ್ಟದ್ದರ ಗುರುತು, ಹಿಂದಿನ ಜ್ವಾಲೆ ಜ್ಞಾನಾಗ್ನಿ. ಆರು ಕೈಯ ಮಹಾಕಾಲನ ಕಾಲಡಿಯಲ್ಲಿ ಆನೆಮುಖದ ವಿನಾಯಕ ಇರುತ್ತಾನೆ. ಇದನ್ನು ಕಂಡು ಮುನಿಸಿಕೊಳ್ಳುವವರುಂಟು. ಆ ವಿನಾಯಕ ಅಲ್ಲಿ ವಿಘ್ನದ ರೂಪ. ಅದೇ ಸಂಪ್ರದಾಯದಲ್ಲಿ ಕೆಂಪು ಗಣಪತಿಗೆ ಪೂಜೆಯೂ ಇದೆ.

ಹೇಸರಗತ್ತೆ ಏರಿದ ದೇವಿ ಪಾಲ್ಡೆನ್ ಲ್ಹಾಮೊ. ಹೇಸರಗತ್ತೆಯ ಹಿಂಭಾಗ ಬೈನಾಕ್ಯುಲರ್‌ನಲ್ಲಿ ನೋಡಿ, ಅಲ್ಲೊಂದು ಕಣ್ಣಿರುತ್ತದೆ. ಗಂಡ ಬಿಟ್ಟ ಬಾಣ ನೆಟ್ಟ ಗಾಯವನ್ನೇ ಅವಳು ಕಣ್ಣಾಗಿಸಿದಳು ಎಂಬುದು ಕಥೆ. ಕೋಣನ ತಲೆಯ ಮೂರ್ತಿ ಕಂಡರೆ ತಲೆಗಳನ್ನು ಎಣಿಸಿ. ಒಂಬತ್ತು ತಲೆ, ಮೂವತ್ತನಾಲ್ಕು ಕೈ, ಹದಿನಾರು ಕಾಲು ಇದ್ದರೆ ವಜ್ರಭೈರವ. ತುದಿಯ ಶಾಂತ ತಲೆ ಮಂಜುಶ್ರೀಯದು. ಉಗ್ರರೂಪದ ಒಳಗೆ ಯಾರಿದ್ದಾರೆ ಎಂಬುದನ್ನು ಚಿತ್ರವೇ ಹೇಳುತ್ತದೆ. ಆಲಿಂಗನದ ಜೋಡಿಗಳಲ್ಲಿ ಹೆಣ್ಣು ಪ್ರಜ್ಞೆ, ಗಂಡು ಉಪಾಯ ಅಂದರೆ ಕರುಣೆ. ರಕ್ಷಕರ ಕೋಣೆಯಾದ ಗೋನ್‌ಖಾಂಗ್‌ನಲ್ಲಿ ಮುಖಗಳ ಮೇಲೆ ಬಟ್ಟೆ ಇದ್ದರೆ ಎತ್ತಿ ನೋಡಬಾರದು.

ಹಂತ 7: ಮೂಲೆಯ ಸಣ್ಣ ಚಿತ್ರಗಳು

ಆನೆಯ ಮೇಲೆ ಕೋತಿ, ಅದರ ಮೇಲೆ ಮೊಲ, ಮೊಲದ ಮೇಲೆ ಹಕ್ಕಿ ಇರುವುದು ನಾಲ್ವರು ಗೆಳೆಯರ ಕಥೆ. ಮರದ ಜೊತೆ ಯಾರಿಗೆ ಎಷ್ಟು ಹಳೆಯ ನಂಟು ಎಂಬ ಚರ್ಚೆಯಲ್ಲಿ ಬೀಜ ತಂದ ಹಕ್ಕಿಯೇ ಹಿರಿಯ ಎಂದು ತೀರ್ಮಾನವಾಗಿ ಅದು ಮೇಲೆ ಕುಳಿತಿದೆ. ಪಾಲಿ ಜಾತಕದಲ್ಲಿ ಮೊಲವಿಲ್ಲ, ಮೂವರೇ.

ತಿರುವುಗಳ ಏರುದಾರಿಯಲ್ಲಿ ಭಿಕ್ಷುವೊಬ್ಬ ಆನೆಯನ್ನು ಅಟ್ಟಿಸಿಕೊಂಡು ಹೋಗುವ ಚಿತ್ರ ಶಮಥ, ಅಂದರೆ ಮನಸ್ಸನ್ನು ನೆಲೆಗೊಳಿಸುವ ಧ್ಯಾನದ ಒಂಬತ್ತು ಹಂತಗಳದು. ಇದನ್ನು ಕೆಳಗಿನಿಂದ ಮೇಲಕ್ಕೆ ಓದಿ. ಆನೆ ಮನಸ್ಸು, ಮುಂದೆ ಎಳೆಯುವ ಕೋತಿ ಚಂಚಲತೆ, ಕಪ್ಪು ಬಣ್ಣ ಜಡತೆ. ಏರುತ್ತಾ ಹೋದಂತೆ ಆನೆ ತಲೆಯಿಂದ ಬಿಳಿಯಾಗುತ್ತದೆ, ನಡುವೆ ಬೆನ್ನ ಮೇಲೆ ಮೊಲ ಬಂದು ಕೂರುತ್ತದೆ. ಅದು ಸೂಕ್ಷ್ಮ ಜಡತೆ. ದಾರಿಬದಿಯ ಜ್ವಾಲೆ ಪ್ರಯತ್ನದ ಅಳತೆ: ಕೆಳಗೆ ದೊಡ್ಡದು, ಮೇಲೆ ಇಲ್ಲವೇ ಇಲ್ಲ.

ಹಂತ 8: ಬಣ್ಣ ಮೋಸ ಮಾಡಿದೆಯೇ ನೋಡಿ

ಹಳೆಯ ಚಿತ್ರಗಳ ಬಣ್ಣ ಖನಿಜಗಳದು: ನೀಲಿಗೆ ಅಜುರೈಟ್, ಹಸಿರಿಗೆ ಮ್ಯಾಲಕೈಟ್, ಕೆಂಪಿಗೆ ಇಂಗಳೀಕ, ಹಳದಿಗೆ ಹರಿದಳ. ಕಿತ್ತಳೆ ಬಣ್ಣದ ಸಿಂಧೂರ ಸೀಸದಿಂದ ಆದದ್ದು. ಕಾಲಾಂತರದಲ್ಲಿ ಕಂದು, ಕಪ್ಪಾಗುತ್ತದೆ. ಆದ್ದರಿಂದ ಹಳೆಯ ಗೋಡೆಯ ಕಪ್ಪು ಮೂರ್ತಿ ಮೂಲದಲ್ಲಿ ಕಿತ್ತಳೆ ಇದ್ದಿರಬಹುದು. ಬೆಣ್ಣೆದೀಪದ ಮಸಿಯಿಂದ ಬಿಳಿ ಮೈ ಹಳದಿಯಾಗುತ್ತದೆ. ದೀಪದಿಂದ ದೂರದ ಮೂಲೆಯಲ್ಲಿ ಅದೇ ಬಣ್ಣ ಹೇಗಿದೆ ಎಂದು ಹೋಲಿಸಿ. ಒಂದೇ ಮೂರ್ತಿಯಲ್ಲಿ ರೇಖೆ ಒಂದು ಕಡೆ ನವಿರಾಗಿ, ಇನ್ನೊಂದು ಕಡೆ ದಪ್ಪವಾಗಿದ್ದರೆ ಆ ಭಾಗಕ್ಕೆ ಮತ್ತೆ ಬಣ್ಣ ಹಚ್ಚಿದ್ದಾರೆ. ಅಂಥ ಕಡೆ ಕೈಯಲ್ಲಿನ ವಸ್ತುವೇ ಬದಲಾಗಿರಬಹುದಾದ್ದರಿಂದ ಪರಿವಾರದ ಮೂರ್ತಿಗಳನ್ನು ಆಧಾರವಾಗಿಟ್ಟುಕೊಳ್ಳಿ. ಭೂತಾನಿನಲ್ಲಿ ತೆಳು ಬಟ್ಟೆಯ ಮೇಲೆ ಬರೆದು ಗೋಡೆಗೆ ಅಂಟಿಸುವ ರೂಢಿಯಿದೆ. ನೇರವಾದ ಸೀಳು ಕಂಡರೆ ಅದು ಬಿರುಕಲ್ಲ, ಬಟ್ಟೆಯ ಜೋಡಣೆ.

ಹಂತ 9: ತಾಳೆ ನೋಡುವುದು

ನೋಟ್‌ಬುಕ್ಕಿನಲ್ಲಿ ಗೋಡೆಗೊಂದು ಆಯತ ಬರೆದು ಒಂಬತ್ತು ಚೌಕ ಮಾಡಿ, ಪ್ರತಿ ಮೂರ್ತಿಗೂ ಸಂಖ್ಯೆ ಕೊಡಿ. ಹೆಸರು ಖಚಿತವಿದ್ದರೆ ಪೆನ್ನು, ಊಹೆಯಾದರೆ ಪೆನ್ಸಿಲ್. ಕೆಳಗೆ ಟಿಬೆಟನ್ ಬರಹವಿದ್ದರೆ ಅಕ್ಷರ ಬಾರದಿದ್ದರೂ ಇದ್ದಂತೆ ನಕಲು ಮಾಡಿಕೊಳ್ಳಿ. ಹೆಸರು ಹೆಚ್ಚಾಗಿ ಅಲ್ಲೇ ಇರುತ್ತದೆ. ಆಮೇಲೆ ಪೂಜೆ ಇಲ್ಲದ ಹೊತ್ತು ನೋಡಿ ಭಿಕ್ಷುಗಳನ್ನು ಕೇಳಿ. "ಇದು ತಾರಾ ಅಲ್ಲವೇ?" ಎಂದು ಕೇಳಿದರೆ ಸೌಜನ್ಯಕ್ಕೆ ಹೌದು ಎಂದುಬಿಡುವ ಸಂಭವ ಹೆಚ್ಚು. "ಇವರು ಯಾರು, ಕೈಯಲ್ಲಿರುವುದು ಏನು?" ಎಂದು ಕೇಳಿ. ತೋರಿಸುವಾಗ ಒಂದು ಬೆರಳು ಚಾಚದೆ, ಅಂಗೈ ಮೇಲಾಗಿ ಇಡೀ ಕೈಯಿಂದ ತೋರಿಸಿ. ಅವರು ಹೇಳಿದ ಟಿಬೆಟನ್ ಹೆಸರನ್ನು ಕೇಳಿಸಿದ ಹಾಗೆಯೇ ಕನ್ನಡದಲ್ಲಿ ಬರೆದಿಟ್ಟುಕೊಂಡು, ಸಂಸ್ಕೃತದ ಹೆಸರನ್ನು ಆಮೇಲೆ ಹೊಂದಿಸಿ: ಚೆನ್‌ರೆಜಿಗ್ ಎಂದರೆ ಅವಲೋಕಿತೇಶ್ವರ, ಜಂಪೆಯಾಂಗ್ ಎಂದರೆ ಮಂಜುಶ್ರೀ, ಡೋಲ್ಮಾ ಎಂದರೆ ತಾರಾ, ಜಂಪಾ ಎಂದರೆ ಮೈತ್ರೇಯ, ಗುರು ರಿಂಪೋಚೆ ಎಂದರೆ ಪದ್ಮಸಂಭವ.